ಎಡ ಮಗ್ಗುಲಲ್ಲಿ ಕಟ್ಟಿದ ಸೇತುವೆ

ಫೆಬ್ರವರಿ ೪

ಡಾಕ್ಟರಮ್ಮ ಇವತ್ತು ಹೇಳಿಯೇಬಿಟ್ಟರು. ಇನ್ನು ಹೆರಿಗೆಯವರೆಗೂ ಹಾಸಿಗೆ. "ಬಚ್ಚಲಿಗೆ ಹೋಗಿ ಬರೋದು ಬಿಟ್ರೆ ಎದ್ದು ಓಡಾಡೋ ಹಾಗಿಲ್ಲ. ಮಲಗೋದು ಆದಷ್ಟೂ ಎಡ ಮಗ್ಗುಲು," ಎಂದರು. ನಾನು ಕೆಲಸದ ಮಾತೆತ್ತಿದೆ. "ನೀವಿಲ್ಲ ಅಂತ ಕನ್ನಡಕದ ಅಂಗಡಿ ಮುಚ್ಚಿಹೋಗಲ್ಲ," ಎಂದರು. ಅದು ನನಗೂ ಗೊತ್ತು. ಗೊತ್ತಿರುವುದನ್ನು ಇನ್ನೊಬ್ಬರು ಹೇಳಿದರೆ ಸಿಟ್ಟು ಬರುತ್ತದೆ.

ಇದು ಮೂರನೆಯ ಸಲ. ಹಿಂದಿನ ಎರಡೂ ಆರನೇ ತಿಂಗಳು ಕಾಣಲಿಲ್ಲ. ಇದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದು ಬೇಡ.

ನನ್ನನ್ನು ನೋಡಿಕೊಳ್ಳುವವರು ಯಾರು ಎನ್ನುವುದೇ ಪ್ರಶ್ನೆ. ನನಗೆ ಅಮ್ಮ ಇಲ್ಲ, ಗಂಡನಿಗೂ ಇಲ್ಲ. ಅಕ್ಕ ಮೂರು ಮಕ್ಕಳನ್ನು ಕಟ್ಟಿಕೊಂಡು ಅವಳ ಮನೆಯಲ್ಲೇ ಮುಳುಗಿದ್ದಾಳೆ. ಇವನದು ಲಿಫ್ಟ್ ರಿಪೇರಿ ಕೆಲಸ. ಯಾರೋ ಎಲ್ಲೋ ಎರಡು ಮಹಡಿಯ ನಡುವೆ ಸಿಕ್ಕಿಕೊಂಡರೆ ಊಟದ ತಟ್ಟೆ ಬಿಟ್ಟು ಓಡಬೇಕು.

"ಅಪ್ಪನ್ನ ಕರೀಲಾ?" ಎಂದ.

ನನಗೆ ನಗು ಬಂತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಇವನ ಅಪ್ಪ ನನ್ನ ಜೊತೆ ಆಡಿದ ಮಾತನ್ನೆಲ್ಲ ಒಟ್ಟು ಸೇರಿಸಿದರೂ ಒಂದು ಲೋಟ ತುಂಬುವುದಿಲ್ಲ.

ಫೆಬ್ರವರಿ ೭

ಬಂದರು. ಒಂದು ಚೀಲ, ಒಂದು ಕೊಡೆ. ಕೋಣೆಯ ಹೊರಗೇ ನಿಂತು ಮಗನನ್ನು ಕೇಳಿದರು, "ಮಲಗಿದ್ದಾಳಾ?" ಮಲಗದೆ ಇನ್ನೇನು ಕುಣಿಯುತ್ತಿರುತ್ತೇನೆಯೇ.

ಇವನ ಅಪ್ಪ ದೋಣಿ ನಡೆಸುತ್ತಿದ್ದವರು. ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸುವ ಕೆಲಸ. ಹೊಳೆಗೆ ಸೇತುವೆ ಬಂದ ಮೇಲೆ ದೋಣಿ ನಿಂತುಹೋಯಿತಂತೆ. ಆಮೇಲೆ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಕಾವಲುಗಾರರಾಗಿ ಸೇರಿ ಅಲ್ಲಿಂದಲೇ ನಿವೃತ್ತರಾದರು.

ನನ್ನ ಜೊತೆ ಮಾತಾಡುವಾಗ ಅವರ ಬಾಯಲ್ಲಿ ನೀನೂ ಇಲ್ಲ, ನೀವೂ ಇಲ್ಲ. "ಊಟ ಇಟ್ಟಿದೆ." "ನೀರು ಕಾದಿದೆ." "ಕಿಟಕಿ ತೆಗೀಬೇಕೋ ಹೇಗೆ." ರೈಲು ನಿಲ್ದಾಣದ ಘೋಷಣೆ ಕೇಳಿದ ಹಾಗಿರುತ್ತದೆ. ತಟ್ಟೆಯನ್ನು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲಿಟ್ಟು, ನಾನು ಥ್ಯಾಂಕ್ಸ್ ಎನ್ನುವಷ್ಟರಲ್ಲಿ ಅಡುಗೆಮನೆ ಸೇರಿರುತ್ತಾರೆ. ನಾನೂ ಹಾಯಾಗಿ ಉಸಿರು ಬಿಡುತ್ತೇನೆ. ಬೆಳಿಗ್ಗೆ ಸ್ನಾನಕ್ಕೆ ಕೆಳಗಿನ ಮನೆಯ ನರ್ಸಮ್ಮ ಬಂದು ಹೋಗುತ್ತಾರೆ, ಪುಣ್ಯ.

ಉಪ್ಪಿನ ವಿಷಯ ಬರೆದಿಡಬೇಕು. ಹೊಳೆಯಲ್ಲಿ ದೋಣಿ ನಡೆಸಿದವರು ಸಮುದ್ರದ ಲೆಕ್ಕದಲ್ಲಿ ಉಪ್ಪು ಹಾಕುತ್ತಾರೆ.

ಫೆಬ್ರವರಿ ೧೩

ಅಂಗಡಿಯ ಯಜಮಾನಿ ನೋಡಲು ಬಂದಿದ್ದರು. ಹಣ್ಣಿನ ಜೊತೆಗೆ ಒಂದು ದೊಡ್ಡ ಚೀಲ ಐಸ್‌ಕ್ರೀಂ ಕಡ್ಡಿ, ಎರಡು ಬಾಟಲಿ ಬಿಳಿ ಅಂಟು. ಅವರ ತಂಗಿ ಮಕ್ಕಳಿಗೆ ಕರಕುಶಲ ಕಲಿಸುತ್ತಿದ್ದಳಂತೆ, ಈಗ ನಿಲ್ಲಿಸಿದ್ದಾಳಂತೆ.

"ಹೆದರ್ಬೇಡ, ಯಾರೂ ನೆಕ್ಕಿಲ್ಲ, ಹೊಸದು," ಎಂದರು. "ನಿನ್ನ ಕೈ ನಂಗೆ ಗೊತ್ತಿಲ್ವಾ? ಕೆಲಸ ಕೊಡ್ದಿದ್ರೆ ಹೊದಿಕೆ ದಾರಾನೆಲ್ಲ ಕಿತ್ತು ಹಾಕ್ತೀಯ."

ನಿಜಕ್ಕೂ ಹೊದಿಕೆಯ ಒಂದು ಅಂಚು ಆಗಲೇ ಬಿಚ್ಚಿಹೋಗಿತ್ತು. ದಿನವಿಡೀ ಕೂದಲೆಳೆಯಷ್ಟು ಸಣ್ಣ ಸ್ಕ್ರೂ ತಿರುಗಿಸುತ್ತಿದ್ದ ಬೆರಳುಗಳು. ಅವಕ್ಕೆ ವಿಶ್ರಾಂತಿ ಎಂದರೆ ಅರ್ಥವಾಗುವುದಿಲ್ಲ.

ಹೋಗುವಾಗ ಕೇಳಿದರು, "ಹೆಸರು ಗಿಸರು ಏನಾದ್ರೂ ಯೋಚಿಸಿದೀಯಾ?" ನಾನು ಹೊಸ ಫ್ರೇಮುಗಳು ಬಂದವೇ ಎಂದು ಕೇಳಿದೆ. ಅವರು ಹೋದಮೇಲೆ ಕಡ್ಡಿಯ ಚೀಲವನ್ನು ಮಂಚದ ಕೆಳಗೆ ತಳ್ಳಿಸಿದೆ.

ಫೆಬ್ರವರಿ ೧೭

ಫ್ಯಾನ್ ನೋಡಿ ನೋಡಿ ಸಾಕಾಗಿ ಚೀಲ ಹೊರಗೆ ತೆಗೆಸಿದೆ. ಅದರೊಳಗೆ ಒಂದು ಪುಟ್ಟ ಪುಸ್ತಕವಿತ್ತು. ಗೂಡು, ಪೆಟ್ಟಿಗೆ, ಮನೆ, ಕೊನೆಯ ಪುಟದಲ್ಲಿ ಸೇತುವೆ. ಎಲ್ಲಕ್ಕಿಂತ ಹೆಚ್ಚು ಕಡ್ಡಿ ಬೇಕಾದದ್ದು ಸೇತುವೆಗೆ, ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯುವುದೂ ಅದೇ. ನನ್ನ ಬಳಿ ದಿನಗಳಿಗೇನು ಬರ.

ಇವನು ಲಿಫ್ಟಿನ ಹಳೆಯ ಹಲಗೆಯೊಂದನ್ನು ತಂದುಕೊಟ್ಟ. ಅದನ್ನು ದಿಂಬಿಗೆ ಒರಗಿಸಿ, ಹೊಟ್ಟೆಗೆ ತಗುಲದ ಹಾಗೆ ನಿಲ್ಲಿಸಿಕೊಂಡರೆ ಎಡ ಮಗ್ಗುಲಲ್ಲೇ ಮಲಗಿ ಕೆಲಸ ಮಾಡಬಹುದು. ಕಾಗದದ ಮೇಲೆ ಸೇತುವೆಯ ಒಂದು ಪಕ್ಕದ ಚಿತ್ರ ಬರೆದೆ. ಮೇಲೊಂದು ಉದ್ದ ಗೆರೆ, ಕೆಳಗೊಂದು, ನಡುವೆ ಸಾಲಾಗಿ ತ್ರಿಕೋನಗಳು. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಗೆರೆಯ ಮೇಲೆ ಕಡ್ಡಿ ಇಟ್ಟು ಅಂಟಿಸುತ್ತಾ ಹೋಗಬೇಕು. ಹಾಗೆಯೇ ಇನ್ನೊಂದು ಪಕ್ಕ. ಕೊನೆಗೆ ಎರಡನ್ನೂ ಎದ್ದು ನಿಲ್ಲಿಸಿ ನಡುವೆ ಅಡ್ಡಕಡ್ಡಿ.

ಸಂಜೆಯವರೆಗೂ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಫೆಬ್ರವರಿ ೨೦

ಚಹಾ ತಂದ ಇವನ ಅಪ್ಪ ಮೊದಲ ಸಲ ಕೋಣೆಯಲ್ಲಿ ಒಂದು ಗಳಿಗೆ ನಿಂತರು.

"ಇದೇನು?"

"ಸೇತುವೆ."

ನೋಡಿದರು. ಹೋದರು. ಮಧ್ಯಾಹ್ನದ ಊಟಕ್ಕೆ ಉಪ್ಪೇ ಇರಲಿಲ್ಲ.

ಸಂಜೆ ಇವನಿಗೆ ಹೇಳಿದರೆ ಹಣೆ ಚಚ್ಚಿಕೊಂಡ. "ಅವರ ಮುಂದೆ ಸೇತುವೆ ಅನ್ನೋದಾ ಕಣೇ? ಅವರ ಹೊಟ್ಟೆ ಮೇಲೆ ಹೊಡೆದಿದ್ದೇ ಅದು. ನಾನು ಚಿಕ್ಕವನಿದ್ದಾಗ ಮನೇಲಿ ಆ ಮಾತೇ ಎತ್ತೋ ಹಾಗಿರ್ಲಿಲ್ಲ."

ನನಗೆ ಹೇಗೆ ಗೊತ್ತಾಗಬೇಕು? ಹಲಗೆಯನ್ನು ಮಂಚದ ಕೆಳಗಿಟ್ಟೆ.

ಫೆಬ್ರವರಿ ೨೧

ಬೆಳಿಗ್ಗೆ ಅವರೇ ಕೇಳಿದರು. "ಅದೆಲ್ಲಿ?"

"ಯಾವುದು?"

"ನಿನ್ನೆ ಇತ್ತಲ್ಲ. ಮೇಲಿನ ಸಾಲು ಸೊಟ್ಟ ಇತ್ತು."

ಹೊರಗೆ ತೆಗೆದು ನೋಡಿದರೆ ಹೌದು, ಸೊಟ್ಟ. ಅಂಟು ಒಣಗಿದ ಮೇಲೆ ಇಡೀ ಪಕ್ಕವೇ ಬಾಳೆಲೆಯ ಹಾಗೆ ಸುರುಟಿಕೊಂಡಿತ್ತು. ಅವರು ಚೀಲವನ್ನು ನೆಲಕ್ಕೆ ಸುರಿದು, ಒಂದೊಂದೇ ಕಡ್ಡಿಯನ್ನು ಟೈಲ್ಸ್ ಮೇಲೆ ಮಲಗಿಸಿ, ಅಡಿಯಲ್ಲಿ ಬೆಳಕು ಕಂಡರೆ ಅತ್ತ, ಕಾಣದಿದ್ದರೆ ಇತ್ತ ಹಾಕುತ್ತಾ ಕೂತರು. ಅರ್ಧಕ್ಕರ್ಧ ಕಡ್ಡಿ ಅತ್ತ ಹೋದವು. ನನ್ನ ಮೊದಲ ಪಕ್ಕವೂ ಅತ್ತಲೇ.

ಒಣಗುವವರೆಗೆ ಒತ್ತಿ ಹಿಡಿಯಲು ಏನಾದರೂ ಇದ್ದರೆ ಚೆನ್ನಾಗಿತ್ತು ಎಂದೆ. ಸ್ವಲ್ಪ ಹೊತ್ತಿಗೆ ಒಂದು ಹಿಡಿ ಬಟ್ಟೆ ಕ್ಲಿಪ್ಪುಗಳನ್ನು ತಂದು ಮುಂದಿಟ್ಟರು. ಎಲ್ಲಿಂದ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಗಾಳಿ ಬಂದ ಮೇಲೆ ಗೊತ್ತಾಯಿತು. ಇವನ ಎರಡು ಚಡ್ಡಿ, ಒಂದು ಬನಿಯನ್ ಹಾರಿ ಹೋಗಿ ನರ್ಸಮ್ಮನ ಹೂಕುಂಡದ ಮೇಲೆ ಕೂತಿದ್ದವು. ಅವರು ಮೇಲೆ ಬಂದು ಕೊಟ್ಟು, "ನಿಮ್ಮನೆ ಬಾವುಟ," ಎಂದರು. ನನಗೆ ನಗಲೂ ಹೆದರಿಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಇವನ ಅಪ್ಪ ಗೋಡೆಯ ಕಡೆ ತಿರುಗಿ ನಿಂತಿದ್ದರು. ಅವರ ಹೆಗಲು ಅಲುಗುತ್ತಿತ್ತು.

ಮಾರ್ಚ್ ೩

ಇವತ್ತು ಜಗಳ.

ಎರಡು ಪಕ್ಕವೂ ಮುಗಿಯುತ್ತಾ ಬಂದಿವೆ, ಈ ಸಲ ನೆಟ್ಟಗೆ. ಕೆಳಗಿನ ಗೆರೆ ಪುಸ್ತಕದಲ್ಲಿರುವ ಹಾಗೆ ಸಪಾಟಾಗಿದೆ. ಮಾವ ಬಗ್ಗಿ ನೋಡಿ, "ನೀರು ಏರಿದಾಗ ದೋಣಿ ಹೇಗೆ ಹೋಗಬೇಕು ಇದರಡಿ?" ಎಂದರು.

"ಇದರಡಿ ನೀರೇ ಇಲ್ಲ ಮಾವ. ಹಾಸಿಗೆ ಇದೆ."

"ಸೇತುವೆ ಅಂದ್ಮೇಲೆ ನೀರು ಇದ್ದೇ ಇರುತ್ತೆ. ಮಧ್ಯ ಎತ್ತರ ಬೇಕು."

"ಕಡ್ಡಿ ಬಗ್ಗಲ್ಲ, ಮುರಿಯುತ್ತೆ."

"ದೋಣಿ ಹಲಗೆ ಬಗ್ಗಲ್ವಾ?"

ನಾನು ಮುಖ ತಿರುಗಿಸಿ ಮಲಗಿದೆ. ಎಡ ಮಗ್ಗುಲೇ ಆದ್ದರಿಂದ ಮುಖ ತಿರುಗಿಸಿದರೂ ಅವರ ಕಡೆಗೇ ಇತ್ತು, ಕಣ್ಣು ಮುಚ್ಚಿಕೊಂಡೆ ಅಷ್ಟೇ. ಅವರು ಅಡುಗೆಮನೆಗೆ ಹೋಗಿ ಬಿಸಿನೀರಿನಲ್ಲಿ ಕಡ್ಡಿಗಳನ್ನು ನೆನೆಹಾಕಿ ಬಂದರು. ಚೆನ್ನಾಗಿ ನೆಂದ ಮೇಲೆ ಒಂದು ಡಬ್ಬಿಯ ಸುತ್ತ ಮೆಲ್ಲಗೆ ಬಗ್ಗಿಸಿ ದಾರ ಕಟ್ಟಿಟ್ಟರು. ನಾಲ್ಕರಲ್ಲಿ ಒಂದು ಮುರಿಯಿತು. ಮೂರು ಬಾಗಿದವು.

"ನೋಡಮ್ಮ," ಎಂದು ಕೈಗೆ ಕೊಟ್ಟರು. ಕಣ್ಣಿನ ಹುಬ್ಬಿನಂಥ ಬಾಗು. ಚೆನ್ನಾಗಿದೆ ಎಂದು ಹೇಳಲೇಬೇಕಾಯಿತು, ಕೆಳಗಿನ ಗೆರೆ ಬಿಚ್ಚಿ ಮತ್ತೆ ಕಟ್ಟಲೇಬೇಕಾಯಿತು.

ಮಾರ್ಚ್ ೧೦

ಸ್ಕ್ಯಾನ್. ಎಲ್ಲ ಸರಿಯಿದೆಯಂತೆ. ಹಿಂದಿನ ಎರಡು ಸಲ ಇಲ್ಲಿಯವರೆಗೆ ಬಂದಿರಲಿಲ್ಲ. ಬೇರೇನೂ ಬರೆಯುವುದಿಲ್ಲ.

ಮಾರ್ಚ್ ೧೬

ಬೆಳಿಗ್ಗೆ ರಕ್ತ ಕಂಡಿತು. ಆಸ್ಪತ್ರೆಯಲ್ಲಿದ್ದೇನೆ. ಇವನು ಕೈ ಹಿಡಿದುಕೊಂಡು ಕೂತಿದ್ದಾನೆ. ಕೈಗೆ ಗ್ರೀಸಿನ ವಾಸನೆ.

ಮಾರ್ಚ್ ೧೯

ಮನೆಗೆ ಕಳಿಸಿದರು. ರಕ್ತ ನಿಂತಿದೆ. ಎದೆಬಡಿತ ಸರಿಯಾಗಿ ಕೇಳುತ್ತಿದೆ ಎಂದರು. "ಈಗೇನೂ ಹೇಳಕ್ಕಾಗಲ್ಲ, ದಿನ ದೂಡೋಣ," ಎಂದರು.

ಹಲಗೆ ಬೇಡವೆಂದೆ. ಮಾವ ಅದನ್ನು ಎತ್ತಿ ಮಂಚದ ಕೆಳಗಿಟ್ಟರು.

ಮಾರ್ಚ್ ೨೧

ಮಧ್ಯಾಹ್ನ ತಟ್ಟೆ ತೆಗೆದುಕೊಂಡು ಹೋಗಲು ಬಂದ ಮಾವ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಬಾಗಿಲ ಬಳಿ ಕೂತರು.

"ಕೈಬಿಟ್ಟೆಯಾ ಅದನ್ನ?"

"ಮನಸ್ಸಿಲ್ಲ ಮಾವ."

ಕಿಟಕಿಯ ಆಚೆ ಯಾರೋ ಕಂಬಳಿ ಕೊಡವುತ್ತಿದ್ದರು. ಅದು ಮುಗಿಯುವವರೆಗೂ ಅತ್ತಲೇ ನೋಡಿದರು.

"ಅಪ್ಪಂಗೆ ಸೇತುವೆ ಅಂದ್ರೆ ಆಗಲ್ಲ ಅಂತ ನಿನ್ನ ಗಂಡ ಹೇಳಿರ್ತಾನೆ."

"ಹೇಳಿದಾರೆ."

"ಅವನಿಗೆ ಅರ್ಧ ಗೊತ್ತು. ಆ ಇಂಜಿನಿಯರುಗಳನ್ನ ದಿನಾ ಆ ದಡಕ್ಕೆ ಈ ದಡಕ್ಕೆ ದಾಟಿಸ್ತಿದ್ದವನು ನಾನೇ. ನನ್ನ ಅನ್ನಕ್ಕೆ ಕಲ್ಲು ಹಾಕೋರನ್ನ ನಾನೇ ಕೂರಿಸ್ಕೊಂಡು ಹೋಗ್ತಿದ್ದೆ. ಒಳ್ಳೆ ಜನ. ಒಂದಿನ ಒಬ್ಬನ ಟೋಪಿ ನೀರಿಗೆ ಬಿತ್ತು, ಹಾರಿ ತಂದುಕೊಟ್ಟಿದ್ದೆ."

ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ಅದಕ್ಕೂ ಮುಂಚಿನ ವರ್ಷದ ಮಾತು. ನಿಮ್ಮತ್ತೆಗೆ ನೋವು ಬಂತು. ಮೊದಲನೇದು. ಆಸ್ಪತ್ರೆ ಆ ದಡದಲ್ಲಿ. ಹೊಳೆ ತುಂಬಿ ಬಂದಿತ್ತು. ಊರೋರನ್ನೆಲ್ಲ ದಾಟಿಸೋನು ನಾನು, ಮನೆಯವಳನ್ನ ದಾಟಿಸೋಕಾಗ್ಲಿಲ್ಲ. ಎರಡು ಸಲ ದೋಣಿ ಬಿಟ್ಟೆ. ಎರಡು ಸಲಾನೂ ನೀರು ವಾಪಸ್ ತಂದು ಎಸೀತು. ದಡದಲ್ಲೇ ಆಯ್ತು. ಹೆಣ್ಣು ಕೂಸು. ಅಳಲಿಲ್ಲ."

"ನಿಮ್ಮ ಮಗನಿಗೆ ಗೊತ್ತಾ?" ಎಂದೆ.

"ಇಲ್ಲ. ಹೇಳ್ಬೇಡಿ ಅಂದಿದ್ಲು. ಅವಳೊಬ್ಬಳೇ ಇದ್ದಾಗ ಆ ಕೂಸನ್ನ ಹೆಸರು ಹಿಡಿದು ಕರೀತಿದ್ಲು, ಪಾತ್ರೆ ತೊಳೀತಾ. ನಾನು ಕೇಳಿಸ್ಕೊಂಡೂ ಕೇಳಿಸ್ಕೊಳ್ಳದವನ ಹಾಗೆ ಹೊರಗಡೇನೇ ನಿಂತ್ಬಿಡ್ತಿದ್ದೆ."

ತೊಡೆಯ ಮೇಲಿನ ತಟ್ಟೆಯನ್ನು ಒಮ್ಮೆ ತಿರುಗಿಸಿದರು.

"ನಿನ್ನ ಗಂಡ ಹುಟ್ಟೋ ಹೊತ್ತಿಗೆ ಸೇತುವೆ ಆಗಿತ್ತು. ಆವಾಗ್ಲೂ ಹೊಳೆ ಹಾಗೇ ತುಂಬಿತ್ತು. ನಾನು ಅದರ ಮೇಲೆ ಒಂದಿನಾನೂ ಕಾಲಿಟ್ಟಿರ್ಲಿಲ್ಲ, ಹಟ. ಅವತ್ತು ಕೈಗಾಡಿಲಿ ಅವಳನ್ನ ಮಲಗಿಸ್ಕೊಂಡು ತಳ್ಕೊಂಡು ಹೋದೆ. ಕೆಳಗೆ ನೀರು ಕುದೀತಿದೆ. ಮೇಲೆ ಗಾಡಿ ತನ್ನ ಪಾಡಿಗೆ ಹೋಗ್ತಿದೆ. ಚಕ್ರ ಸಹ ಒದ್ದೆ ಆಗ್ಲಿಲ್ಲ ಕಣಮ್ಮ. ಆ ಕಡೆ ತಲುಪಿ ಜೋರಾಗಿ ಅತ್ತುಬಿಟ್ಟೆ. ನಿಮ್ಮತ್ತೆ ಆ ನೋವಲ್ಲೂ ಕೇಳಿದ್ಲು, ಹೆರೋದು ನಾನಾ ನೀವಾ ಅಂತ."

ಆಮೇಲೆ ನಾನು ನನ್ನದನ್ನು ಹೇಳಿದೆ. ಎರಡನ್ನೂ. ಮೊದಲನೆಯದಕ್ಕೆ ತಂದಿಟ್ಟಿದ್ದ ಹಳದಿ ಟೋಪಿಯನ್ನು ಯಾರಿಗೂ ಹೇಳದೆ ಅಂಗಡಿಯ ಕಸದ ಬುಟ್ಟಿಗೆ ಹಾಕಿ ಬಂದದ್ದು, ಎರಡನೆಯದಕ್ಕೆ ಏನೂ ತರದೆ ಇದ್ದದ್ದು. ಇವನಿಗೂ ಇಷ್ಟು ಹೇಳಿರಲಿಲ್ಲ. ಮಾವ ಎದ್ದು ಹೋಗಿ ತಟ್ಟೆ ತೊಳೆದಿಟ್ಟು ಬಂದರು. ಮಂಚದ ಕೆಳಗಿನಿಂದ ಹಲಗೆ ಎಳೆದು ದಿಂಬಿಗೆ ಒರಗಿಸಿದರು.

"ಇವತ್ತು ಒಂದು ಕಡ್ಡಿ. ಒಂದೇ ಸಾಕು."

ಒಂದು ಅಂಟಿಸಿದೆ.

ಮಾರ್ಚ್ ೩೦

ಎರಡು ಪಕ್ಕವನ್ನೂ ನಿಲ್ಲಿಸಿ ಅಡ್ಡಕಡ್ಡಿ ಕೂರಿಸುವ ಕೆಲಸ. ಇದು ಒಬ್ಬರಿಂದ ಆಗುವುದಲ್ಲ. ಮಾವ ಎರಡು ಪಕ್ಕವನ್ನೂ ಹಿಡಿದು ನಿಲ್ಲಿಸುತ್ತಾರೆ, ನಾನು ಹಲ್ಲುಕಡ್ಡಿಯ ತುದಿಯಲ್ಲಿ ಅಂಟು ತಾಗಿಸಿ ಅಡ್ಡ ಇಡುತ್ತೇನೆ, ಅಂಟು ಹಿಡಿಯುವವರೆಗೂ ಇಬ್ಬರೂ ಉಸಿರು ಬಿಗಿಹಿಡಿದು ಕೂತಿರುತ್ತೇವೆ. ಹೊಟ್ಟೆ ಈಗ ಹಲಗೆಯನ್ನು ಮುಟ್ಟುತ್ತದೆ, ಬೇರೆ ಜಾಗವಿಲ್ಲ.

ಇಟ್ಟ ಕಡ್ಡಿ ತಟ್ಟನೆ ಜಾರಿತು.

"ಅಲ್ಲಾಡಿಸ್ಬೇಡಮ್ಮ," ಎಂದರು.

"ನಾನಲ್ಲ."

"ಮತ್ತೆ ನಾನಾ?"

ಇನ್ನೊಮ್ಮೆ ಇಟ್ಟೆವು. ಇನ್ನೊಮ್ಮೆ ಹಲಗೆ ಜಗ್ಗಿತು. ಮಾವ ಹಲಗೆಯನ್ನು ನೋಡಿದರು, ಅದು ಎಲ್ಲಿ ತಗುಲಿದೆ ಎಂದು ನೋಡಿದರು, ಕಿವಿಯವರೆಗೂ ಕೆಂಪಾಗಿ ಕಿಟಕಿಯಾಚೆ ದೃಷ್ಟಿ ಹಾಯಿಸಿದರು.

"ಹಾಗಾದ್ರೆ ಕಾಯೋಣ. ಅವರದ್ದು ಮುಗೀಲಿ," ಎಂದರು.

ಮಗು ಒದೆಯುವುದನ್ನು ನಿಲ್ಲಿಸುವವರೆಗೂ ಕಾದೆವು. ಬಹಳ ಹೊತ್ತು ಹಿಡಿಯಿತು. ಹಟಮಾರಿ.

ಏಪ್ರಿಲ್ ೧೧

ಈಚೆಗೆ ಬರೆಯಲು ಪುರುಸೊತ್ತಿಲ್ಲ. ಹಾಸಿಗೆಯಲ್ಲಿ ಬಿದ್ದವಳಿಗೆ ಪುರುಸೊತ್ತಿಲ್ಲವಂತೆ! ಎರಡು ಅಂಚಿಗೂ ಕಟಾಂಜನ ಆಗಬೇಕು, ಮೇಲಿನ ದಾರಿ ಹಾಸಬೇಕು. ಮಾವ ಉಪ್ಪುಕಾಗದದಿಂದ ಅಂಚುಗಳನ್ನು ಉಜ್ಜಿ ನುಣುಪು ಮಾಡುತ್ತಾರೆ. "ಯಾರಿಗೂ ಸಿಬಿರು ಚುಚ್ಚಬಾರದು," ಎನ್ನುತ್ತಾರೆ, ಯಾರೋ ಅದರ ಮೇಲೆ ಬರಿಗಾಲಲ್ಲಿ ನಡೆಯುವವರಿರುವ ಹಾಗೆ. ಇವನು ಸಂಜೆ ಬಂದು ನಮ್ಮಿಬ್ಬರನ್ನೂ ನೋಡಿ, "ನಾನು ಈ ಮನೇಲಿ ಬಾಡಿಗೆಗಿದ್ದೀನಾ?" ಎಂದು ಕೇಳುತ್ತಾನೆ.

ಯಜಮಾನಿಗೆ ಫೋನ್ ಮಾಡಿದ್ದೆ. ಪುಟ್ಟ ಟೋಪಿ ಎಲ್ಲಿ ಒಳ್ಳೆಯದು ಸಿಗುತ್ತದೆ ಎಂದು ಕೇಳಿದೆ. ಬಿಸಿಲಿಗೆ ಬೇಕಾಗುತ್ತದಲ್ಲ.

ಏಪ್ರಿಲ್ ೨೬

ಮುಗಿಯಿತು. ಎರಡು ಸ್ಟೂಲುಗಳ ನಡುವೆ ನಿಲ್ಲಿಸಿದೆವು. ನಡು ಎತ್ತರ, ದೋಣಿ ಹೋಗುವಷ್ಟು.

ಎಷ್ಟು ಭಾರ ಹೊರುತ್ತದೋ ನೋಡಬೇಕು ಎಂದು ಇವನಿಗೆ ಆಸೆ. ಮಾವನಿಗೆ ಸುತರಾಂ ಇಷ್ಟವಿಲ್ಲ.

"ಕಟ್ಟಿದ್ದು ಮುರಿಯೋಕಾ?"

"ಹೊರುತ್ತೋ ಇಲ್ವೋ ಗೊತ್ತಾಗ್ಬೇಕಲ್ಲಪ್ಪ."

"ಹೊರುತ್ತೆ. ನಂಗೊತ್ತು."

ಕೊನೆಗೆ ನನ್ನ ಮುಖ ನೋಡಿದರು. ನೋಡೋಣ ಮಾವ ಎಂದೆ. ಸಕ್ಕರೆ ಡಬ್ಬಿ ಇಟ್ಟರು. ಹಿಟ್ಟಿನ ಚೀಲ. ಇಸ್ತ್ರಿ ಪೆಟ್ಟಿಗೆ. ಸೇತುವೆ ತುಟಿಪಿಟಕ್ಕೆನ್ನಲಿಲ್ಲ. ಇವನು ತನ್ನ ಸ್ಪ್ಯಾನರಿನ ಬ್ಯಾಗನ್ನೇ ಎತ್ತಿ ಇಟ್ಟ. ಅದೂ ನಿಂತಿತು. ನಾವು ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಆಗ ಟಕ್ ಎಂದು ಒಂದು ಸಣ್ಣ ಸದ್ದು; ಒಂದು ಅಡ್ಡಕಡ್ಡಿ ಕಿತ್ತು ಬಂದಿತ್ತು. ಮಾವ ಅಷ್ಟು ಭಾರದ ಬ್ಯಾಗನ್ನು ಒಂದೇ ಕೈಯಲ್ಲಿ ಸರಕ್ಕನೆ ಎತ್ತಿಬಿಟ್ಟರು.

"ಸಾಕು. ತೋರಿಸ್ತಲ್ಲ ಅದು," ಎಂದರು.

ನಾಳೆ ಆ ಕಡ್ಡಿ ಅಂಟಿಸಬೇಕು.

ಏಪ್ರಿಲ್ ೨೯

ಹೆಣ್ಣು.

ಇವತ್ತು ಇಷ್ಟೇ ಬರೆಯಲಾಗುತ್ತದೆ.

ಮೇ ೧

ಮೊನ್ನೆ ಬೆಳಿಗ್ಗೆ ಚಹಾದ ಹೊತ್ತಿಗೆ ನೀರು ಒಡೆಯಿತು. ಇನ್ನೂ ಎಂಟು ತಿಂಗಳು ತುಂಬಿರಲಿಲ್ಲ. ಇವನು ಊರಿನ ಆ ತುದಿಯಲ್ಲಿ ಯಾವುದೋ ಲಿಫ್ಟಿನ ಗುಂಡಿಯೊಳಗೆ ಇಳಿದಿದ್ದ, ಫೋನ್ ಸಿಗಲಿಲ್ಲ. ಊರಿಗೆಲ್ಲ ಲಿಫ್ಟ್ ರಿಪೇರಿ ಮಾಡುವವನ ಮನೆಗೆ ಲಿಫ್ಟಿಲ್ಲ. ಮಾವ ನರ್ಸಮ್ಮನನ್ನು ಕೂಗಿ, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಇಬ್ಬರೂ ಹಿಡಿದು ಮೆಟ್ಟಿಲಿಳಿಸಿದರು.

"ಮಧ್ಯಕ್ಕೆ ಕೂತ್ಕೋ ಮಗಳೇ. ಯಾವ ಕಡೆಗೂ ವಾಲಬೇಡ. ಕೈ ಹೊರಗೆ ಚಾಚಬೇಡ. ಆಯ್ತು, ಇನ್ನೇನು ಬಂದೇಬಿಡ್ತು," ಎಂದು ಹೇಳುತ್ತಲೇ ಇದ್ದರು. ಆ ನೋವಿನಲ್ಲೂ ನನಗೆ ಹೆದರಿಕೆ ಆಗಲಿಲ್ಲ. ಯಾಕೋ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಫಾರಂ ತುಂಬುವಾಕೆ, "ಇವರು ನಿಮ್ಮ ತಂದೆಯವರಾ?" ಎಂದಳು. ಹೌದು, ಬೇಗ ಬರೀರಿ ಎಂದೆ.

ಅತ್ತಳು. ಬೆಕ್ಕಿನ ಮರಿಯ ಹಾಗೆ, ಆದರೆ ಅತ್ತಳು. ಬಾಗಿಲ ಆಚೆ ಮಾವನಿಗೂ ಕೇಳಿಸಿತಂತೆ.

ಈಗ ಗಾಜಿನ ಪೆಟ್ಟಿಗೆಯೊಳಗಿದ್ದಾಳೆ, ಮೂಗಿನಲ್ಲಿ ನಳಿಗೆ. ನನ್ನ ಅಂಗೈಯಷ್ಟು ಬೆನ್ನು. ಕಿವಿ ಮಾತ್ರ ಪೂರ್ತಿ ತಯಾರಾಗಿವೆ, ಕನ್ನಡಕ ಕೂರಿಸಲು ಹೇಳಿ ಮಾಡಿಸಿದ ಹಾಗೆ.

ಮೇ ೪

ನನ್ನನ್ನು ಮನೆಗೆ ಕಳಿಸಿದರು. ಅವಳನ್ನು ಕಳಿಸಲಿಲ್ಲ.

ಮೇ ೫

ಅವಳಿಲ್ಲದೆ ಮನೆಗೆ ಬಂದವಳು ಯಾವ ಮಗ್ಗುಲಲ್ಲಿ ಮಲಗಬೇಕು? ಈಗ ಯಾವ ಮಗ್ಗುಲಾದರೂ ಆದೀತು ಎಂದರು ಡಾಕ್ಟರಮ್ಮ. ಎಡಕ್ಕೇ ತಿರುಗುತ್ತೇನೆ.

ಮೇ ೯

ನನಗೆ ಹೊಲಿಗೆಯ ಜಾಗ ಕೀವಾಗಿ ಜ್ವರ. ಆಸ್ಪತ್ರೆಗೆ ಬರಬೇಡಿ, ಮಗುವಿಗೆ ತಾಗೀತು ಎಂದಿದ್ದಾರೆ. ಹಾಲು ಮಾತ್ರ ಬೇಕು. ಔಷಧಿ ಹಾಲಿಗೆ ತೊಂದರೆ ಇಲ್ಲವಂತೆ. ಪಂಪಿನಲ್ಲಿ ತೆಗೆದು ಪುಟ್ಟ ಶೀಷೆಗೆ ಹಾಕಿ ಕೊಡುತ್ತೇನೆ. ಮಾವ ಅದನ್ನು ಮಂಜುಗಡ್ಡೆಯ ಫ್ಲಾಸ್ಕಿನಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಾರೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟರೂ ಕೂರುವುದಿಲ್ಲವಂತೆ, ಕೂತರೆ ಕುಲುಕುತ್ತದಂತೆ. ನಿಂತೇ ಹೋಗುತ್ತಾರೆ, ಫ್ಲಾಸ್ಕನ್ನು ಎದೆಗೆ ಹಿಡಿದು.

ಅಲ್ಲಿನ ನರ್ಸುಗಳು ಅವರಿಗೆ 'ಹಾಲಿನ ತಾತ' ಎಂದು ಹೆಸರಿಟ್ಟಿದ್ದಾರಂತೆ. ಇದನ್ನು ಇವನು ಹೇಳಿದ್ದು. ಮಾವ ಹೇಳುವುದು ಅವಳ ಸುದ್ದಿ ಮಾತ್ರ. ಬಂದ ಕೂಡಲೇ ಚಪ್ಪಲಿ ಬಿಡುವ ಮೊದಲೇ ಶುರು. "ಇವತ್ತು ಆಕಳಿಸಿದ್ಲು." "ನಳಿಗೆ ಕಿತ್ತು ಹಾಕೋಕೆ ನೋಡಿದ್ಲು." "ಪಕ್ಕದ ಪೆಟ್ಟಿಗೆ ಹುಡುಗ ಬರೀ ಅಳುಬುರುಕ, ನಮ್ಮೋಳು ಹಾಗಲ್ಲ." ಲೋಟದಲ್ಲಿ ಹಿಡಿಸದಷ್ಟು ಮಾತು.

ಮೇ ೧೪

ಪಂಪು ಹಾಕಿಕೊಂಡು ಕೂತಾಗ ಕೈ ಖಾಲಿ. ಕಿತ್ತುಹೋಗಿದ್ದ ಅಡ್ಡಕಡ್ಡಿಯನ್ನು ಅಂಟಿಸಿದೆ. ಕ್ಲಿಪ್ ಹುಡುಕಿದರೆ ಒಂದೂ ಇಲ್ಲ. ಮಾವ ಎಲ್ಲವನ್ನೂ ತಂತಿಗೆ ವಾಪಸ್ ಹಾಕಿ, ನಾಳೆ ಬರುವವರಿಗೆ ಎಂಬ ಹಾಗೆ, ನರ್ಸಮ್ಮ ಕೊಟ್ಟ ಹಳೆಯ ಮೆತ್ತನೆ ಬಟ್ಟೆಗಳನ್ನು ಒಗೆದು ಒಣಹಾಕಿದ್ದಾರೆ. ಬೆರಳಲ್ಲೇ ಒತ್ತಿ ಹಿಡಿದೆ.

ಜ್ವರ ಬಿಟ್ಟಿದೆ. ನಾಳೆ ನೋಡಲು ಹೋಗಬಹುದು.

ಮೇ ೧೫

ಎದೆಯ ಮೇಲೆ ಮಲಗಿಸಿದರು. ಬಟ್ಟೆ ಏನೂ ಇಲ್ಲದೆ, ಚರ್ಮಕ್ಕೆ ಚರ್ಮ. ಹೀಗೆ ಮಲಗಿಸಿಕೊಂಡರೆ ಮಕ್ಕಳು ಬೇಗ ತೂಕ ಹಿಡಿಯುತ್ತಾರಂತೆ, ಉಸಿರಾಟವೂ ನೆಟ್ಟಗಾಗುತ್ತದಂತೆ. ಮನೆಗೆ ಹೋದಮೇಲೂ ದಿನಾ ಮಾಡಬೇಕು, ಮನೆಯವರು ಯಾರಾದರೂ ಮಾಡಬಹುದು ಎಂದರು.

ಬರೆಯಲು ಬೇರೆ ಪದವಿಲ್ಲ. ಬಿಸಿಯಾಗಿದ್ದಳು.

ಮೇ ೨೩

ಮಗಳು ಮನೆಗೆ ಬಂದಳು.

ಮೇ ೨೯

ನಿದ್ದೆ ಇಲ್ಲ. ಸೇತುವೆಯ ಕಟಾಂಜನದ ಮೇಲೆ ಈಗ ಹೆಬ್ಬೆರಳಿನಷ್ಟು ಉದ್ದದ ಸಾಕ್ಸ್ ಒಣಗುತ್ತವೆ. ಇವನು ಬೀಗದ ಕೈ ಇಡಲು ಹೋಗಿ ಮಾವನ ಕೈಲಿ ಬೈಸಿಕೊಂಡ.

ಮಾವ ಮಗುವಿಗೆ ನೀರು ಕಾಯಿಸುತ್ತಾರೆ, ಬಟ್ಟೆ ಮಡಚುತ್ತಾರೆ, ಪಕ್ಕದಲ್ಲಿ ಕೂತು ನೋಡುತ್ತಾರೆ. ಎತ್ತಿಕೊಳ್ಳುವುದಿಲ್ಲ. ಎತ್ತಿಕೊಳ್ಳಿ ಎಂದರೆ ಎರಡು ಅಂಗೈ ತೋರಿಸುತ್ತಾರೆ. ದೋಣಿಯ ಹುಟ್ಟು ಹಿಡಿದು ಹಿಡಿದು ಮರದ ತೊಗಟೆಯಾದ ಕೈ. "ಗೀರಿಬಿಡುತ್ತೆ. ನಾನು ನೋಡ್ತಾ ಇರ್ತೀನಿ ಬಿಡು," ಎನ್ನುತ್ತಾರೆ.

ಜೂನ್ ೨

ಇವತ್ತು ಮಧ್ಯಾಹ್ನ ನನಗೆ ಕೂತಲ್ಲೇ ತಲೆ ತೂಗುತ್ತಿತ್ತು. ಇವನಿಗೆ ಕರೆ ಬಂದು ಹೋಗಿದ್ದ. ಮಗುವಿನದು ಒಂದೇ ಸಮನೆ ರಗಳೆ. ಕೆಳಗಿಟ್ಟರೆ ಅಳು, ಎದೆಗೆ ಹಾಕಿಕೊಂಡರೆ ಮೌನ. ನಾನು ಕೂತಲ್ಲೇ ಜೋಲಿ ಹೊಡೆದೆ. ಮಗು ಜಾರುವಷ್ಟರಲ್ಲಿ ಮಾವ ಎರಡು ಕೈಯನ್ನೂ ಒಡ್ಡಿ ಹಿಡಿದರು. ಹಿಡಿದಮೇಲೆ ಏನು ಮಾಡಬೇಕೆಂದು ತಿಳಿಯದೆ ನನ್ನ ಮುಖ ನೋಡಿದರು.

"ಅಂಗಿ ಗುಂಡಿ ಬಿಚ್ಚಿ ಕೂತ್ಕೊಳ್ಳಿ ಮಾವ," ಎಂದೆ.

"ನಾನಾ?"

"ಮನೆಯವರು ಯಾರಾದ್ರೂ ಆಗುತ್ತೆ ಅಂದಿದಾರೆ."

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಎದೆಯ ಬಿಳಿ ಕೂದಲಿನ ಮೇಲೆ ಮಗುವನ್ನು ಮಲಗಿಸಿ, ಮೇಲೆ ಹೊದಿಕೆ ಹೊದಿಸಿದೆ. ಅಳು ನಿಂತಿತು. ಐದೇ ನಿಮಿಷ ಕಣ್ಣು ಮುಚ್ಚುತ್ತೇನೆ ಎಂದು ಮಲಗಿದೆ.

ಎದ್ದಾಗ ಬಿಸಿಲು ಗೋಡೆ ದಾಟಿ ಹೋಗಿತ್ತು. ಎದ್ದು ನೋಡಿದರೆ ಮಾವ ಕೂರಿಸಿದ ಹಾಗೆಯೇ ಕೂತಿದ್ದರು. ಒಂದು ಕೈ ಮಗುವಿನ ಅಂಡಿನ ಕೆಳಗೆ, ಇನ್ನೊಂದು ಬೆನ್ನಿನ ಮೇಲೆ, ಮುಟ್ಟಿಯೂ ಮುಟ್ಟದ ಹಾಗೆ. ಹಣೆಯಲ್ಲಿ ಬೆವರು. ಒಂದು ಕಾಲಿನ ಮೇಲೆ ಇನ್ನೊಂದನ್ನು ಬಿಗಿಯಾಗಿ ಹಾಕಿಕೊಂಡಿದ್ದರು.

"ಏನಾಯ್ತು ಮಾವ?"

"ಏನಿಲ್ಲ," ಎಂದರು ಪಿಸುಮಾತಿನಲ್ಲಿ. "ಬಚ್ಚಲಿಗೆ ಹೋಗ್ಬೇಕಿತ್ತು."

"ಯಾವಾಗಿಂದ?"

"ನೀನು ಮಲಗಿದಾಗಿಂದ."

"ಅಯ್ಯೋ, ಎಬ್ಬಿಸ್ಬಾರ್ದಾ! ಕೊಡಿ ಇಲ್ಲಿ, ಹೋಗಿ ಬನ್ನಿ."

ನಾನು ಕೈ ಚಾಚಿದೆ. ಮಗು ನಿದ್ದೆಯಲ್ಲೇ ತುಟಿ ಚಪ್ಪರಿಸಿ, ಕೆನ್ನೆಯನ್ನು ಇನ್ನೂ ಒತ್ತಿ, ಅವರ ಎದೆಯ ಮೇಲೆ ಮುಷ್ಟಿ ಬಿಚ್ಚಿತು. ಮಾವ ನನ್ನ ಕೈಯನ್ನು ನೋಡಿದರು, ಮಗುವನ್ನು ನೋಡಿದರು.

"ಇನ್ನೊಂದು ಸ್ವಲ್ಪ ಹೊತ್ತು ಇರ್ಲಿ," ಎಂದರು.